ಕುಂಚಿಗೆಯ ಕರು

ಹೊನ್ನಗೇರಿಯ ನೇಕಾರರ ಓಣಿಯ ತುದಿಯಲ್ಲಿ, ಒಂದು ಕಾಲಕ್ಕೆ ನೂಲಿಗೆ ಬಣ್ಣ ಹಾಕುತ್ತಿದ್ದ ಮನೆಯೊಂದರ ಅರ್ಧ ಕುಸಿದ ಛಾವಣಿಯ ಕೆಳಗೆ ಪೂಜ್ಯ ಚಿಂದಿ ಅವ್ವನವರು ವಾಸವಾಗಿದ್ದರು. ಆಸನವೆಂದರೆ ಒಂದು ಗೋಣಿಚೀಲ, ಆಸ್ತಿಯೆಂದರೆ ಒಂದು ಸೂಜಿ ಡಬ್ಬಿ. ದರ್ಜಿಗಳು ಕಸಕ್ಕೆ ಎಸೆದ ಕುಪ್ಪಸದ ಖಣದ ತುಂಡು, ಮುರಿದ ಕೊಡೆಯ ಬಟ್ಟೆ, ಮಗ್ಗದ ಕೆಳಗೆ ಉದುರಿದ ನೂಲು, ಹರಿದ ಅಂಗಿಯ ಗುಂಡಿ ಇವನ್ನೆಲ್ಲ ಆರಿಸಿ ತಂದು ಆನೆ, ನಾಯಿ, ಕರು, ಮೊಲಗಳನ್ನು ಹೊಲಿಯುತ್ತಿದ್ದರು. ಹೊಟ್ಟೆಯ ಹೊಲಿಗೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಜೋಳ ಹಾಕುವುದು ಅವರ ನೇಮ. "ಬರಿಹೊಟ್ಟಿಲೆ ಯಾರನ್ನೂ ಕಳಸಬಾರದು" ಎನ್ನುತ್ತಿದ್ದರು. ಯಾವ ಮನೆಯಲ್ಲಿ ದುಃಖವಿದ್ದರೂ ಆ ಮನೆಯ ಹೊಸ್ತಿಲ ಮೇಲೆ ಅವರ ಪ್ರಾಣಿಯೊಂದು ಬಂದು ಕೂತಿರುತ್ತಿತ್ತು.

ಅದೇ ಓಣಿಯ ಕಾಶವ್ವನ ನಾಲಗೆಯ ಸುದ್ದಿ ಹೇಳದಿದ್ದರೆ ಈ ಪ್ರಸಂಗ ಮುಂದೆ ಸಾಗುವುದಿಲ್ಲ. ಯಾರ ಸೊಸೆ ಯಾರ ಮಗ್ಗದ ಮನೆಗೆ ನೀರು ಕೇಳುವ ನೆಪದಲ್ಲಿ ಹೋದಳು, ಒಳಗೆ ಎಷ್ಟು ಹೊತ್ತು ಇದ್ದಳು, ಹೊರಗೆ ಬಂದಾಗ ಸೆರಗು ಯಾವ ಕಡೆಗಿತ್ತು, ಎಲ್ಲವೂ ಮುಂಜಾನೆಯ ಚಹಾ ಆರುವ ಮೊದಲೇ ಕಾಶವ್ವನ ಬಾಯಿಂದ ಓಣಿಗೆಲ್ಲ ಹಂಚಿಕೆಯಾಗುತ್ತಿತ್ತು. ಪೂಜ್ಯರನ್ನೂ ಬಿಟ್ಟವಳಲ್ಲ. "ಅಕಿ ಎಲ್ಲಿ ಅವ್ವ? ಗಂಡನ್ನ ಬಿಟ್ಟು ಓಡಿ ಬಂದಾಕಿ. ಮೂರು ಹೊತ್ತು ಕಸದಾಗ ಕೈ!"

ಆ ವರ್ಷ ಕಾಶವ್ವನ ಮೊಮ್ಮಗಳು, ಒಂದೂವರೆ ವರ್ಷದ ಚೆನ್ನಿ, ಭೇದಿ ಹತ್ತಿ ಆರನೆಯ ದಿನಕ್ಕೆ ತೀರಿಕೊಂಡಳು. ಸತ್ತ ಕೂಸಿನ ಬಟ್ಟೆಯನ್ನು ಹಳ್ಳದ ಜಾಲಿಕಂಟಿಗೆ ಎಸೆದು, ಹೊರಳಿ ನೋಡದೆ ಬರುವುದು ಓಣಿಯ ಪದ್ಧತಿ. ಕಾಶವ್ವ ತಾನೇ ಹೋಗಿ ಎಸೆದು ಬಂದಳು. ಸೊಸೆ ಸಾತವ್ವ ಗೋಡೆಗೆ ಒರಗಿ ಕೂತವಳು ಮಾತು ಬಿಟ್ಟಳು, ಅನ್ನ ಬಿಟ್ಟಳು.

ಒಂಬತ್ತನೆಯ ದಿನ ಹೊಸ್ತಿಲ ಮೇಲೆ ಒಂದು ಕರು ಕೂತಿತ್ತು. ಕಾಲು ಕೊಡೆಯ ಬಟ್ಟೆಯವು, ಕಣ್ಣು ಅಂಗಿ ಗುಂಡಿಯವು. ಬೆನ್ನು ಮಾತ್ರ ಕೆಂಪು ಖಣದ್ದು. ಚೆನ್ನಿಯ ತಲೆಯಿಂದ ಬೆನ್ನಿನವರೆಗೆ ಇಳಿಯುತ್ತಿದ್ದ ಕುಂಚಿಗೆಯದು! ಸಾತವ್ವ ಕರುವನ್ನು ಎತ್ತಿ ಮೂಸಿದಳು. ಅದನ್ನು ಉಡಿಯಲ್ಲಿಟ್ಟುಕೊಂಡು ಅಂದು ಅರ್ಧ ಬಟ್ಟಲು ಗಂಜಿ ಕುಡಿದಳು.

ಸೊಸೆಯ ಬಾಯಿಗೆ ಗಂಜಿ ಇಳಿದದ್ದನ್ನು ಕಂಡು ಸಂತೋಷಪಡಬೇಕಾದ ಅತ್ತೆ ಕರುವಿನ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ಯಾಕೆಂದರೆ ಆ ಕುಂಚಿಗೆಯ ಮಡಿಕೆಯಲ್ಲಿ ಏನಿತ್ತೆಂಬುದು ಆಕೆಗೊಬ್ಬಳಿಗೇ ಗೊತ್ತಿತ್ತು. ಭೇದಿಗೆಂದು ನರ್ಸಬಾಯಿ ಕೊಟ್ಟುಹೋದ ಗುಳಿಗೆಗಳ ಬೆಳ್ಳಿಹಾಳೆಯ ಪಟ್ಟಿ. ಮೈಮೇಲೆ ದೇವರು ಬಂದು ಹೇಳಿಕೆ ಹೇಳುವ ಮುದುಕಿ "ಅಮಾಸಿ ದಾಟೂತನಕ ಔಷಧ ಮುಟ್ಟಿಸಬ್ಯಾಡ್ರಿ" ಅಂದದ್ದಕ್ಕೆ, ಸೊಸೆಯ ಕೈಗೆ ಸಿಗದಂತೆ ಕಾಶವ್ವ ಅದನ್ನು ಮಡಿಕೆಯಲ್ಲಿ ತುರುಕಿ ನಾಲ್ಕು ಹೊಲಿಗೆ ಹಾಕಿದ್ದಳು. ಸಾತವ್ವ ಮನೆಯೆಲ್ಲ ಹುಡುಕಿ ಅತ್ತಾಗ "ಇಲಿ ಒಯ್ತು" ಅಂದಿದ್ದಳು. ಅಮಾವಾಸ್ಯೆ ಬರುವ ಮೊದಲೇ ಕೂಸು ಹೋಯಿತು.

ಈಗ ಕರುವನ್ನು ಒಲೆಗೆ ಹಾಕಬೇಕು. ಸೊಸೆಯ ಕೈಯಿಂದ ಕಸಿಯಲು ಒಂದು ನೆಪ ಬೇಕು. ಕಾಶವ್ವನಿಗೆ ನೆಪಕ್ಕೇನು ಬರ? ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು: "ಸತ್ತ ಕೂಸಿನ ಬಟ್ಟಿ ತಂದು ನನ್ನ ಸೊಸಿಗೆ ಮಾಟ ಮಾಡ್ಯಾಳವ್ವಾ! ಹೊಟ್ಯಾಗ ಏನೇನ ತುಂಬ್ಯಾಳೋ!"

ಆಕೆಯ ನಾಲಗೆ ಎಂದಿನಂತೆ ಕೆಲಸ ಮಾಡಿತು, ಸ್ವಲ್ಪ ಹೆಚ್ಚೇ ಮಾಡಿತು. ಓಣಿಯ ಹೆಂಗಸರೆಲ್ಲ ಸೇರಿ ಅತ್ತೆ ಸೊಸೆಯರನ್ನು ಕರುವಿನ ಸಮೇತ ಪೂಜ್ಯರ ಮುಂದೆ ತಂದು ನಿಲ್ಲಿಸಿದರು.

"ಇದನ್ನ ಸುಟ್ಟುಬಿಡೂಣು" ಎಂದಳು ಕಾಶವ್ವ.

"ಸುಟ್ಟರ ಮಾಟ ಹೋಗೂದಿಲ್ಲ" ಎಂದಳು ನೆರೆಮನೆಯ ಮಾಳವ್ವ. "ಬಿಚ್ಚಿ ನೋಡೂಣು. ನಿನ್ನ ಮನಿ ಮ್ಯಾಲೆ ಮಾಡಿದ್ದು, ನೀನ ಬಿಚ್ಚು. ಹಿಡಿ ಕತ್ತರಿ."

ಅವ್ವನವರು ತಲೆ ಎತ್ತಲಿಲ್ಲ. ಮೊಲವೊಂದಕ್ಕೆ ಕಿವಿ ಹೊಲಿಯುತ್ತಿದ್ದರು.

ಕಾಶವ್ವ ಕತ್ತರಿ ತೆಗೆದುಕೊಂಡಳು. ಒಲ್ಲೆ ಎಂದರೆ ಅನುಮಾನ, ಬಿಚ್ಚಿದರೆ ಮಾನಹಾನಿ. ಕತ್ತರಿ ಹಾಕಿದಳು. ನೂಲು ಬಂತು. ಮತ್ತೆ ನೂಲು. ಒಂದು ಚಿಟಿಕೆ ಜೋಳ ನೆಲಕ್ಕೆ ಚೆಲ್ಲಿತು. ಅಷ್ಟೇ.

"ಇಷ್ಟನಾ?" ಎಂದಳು ಮಾಳವ್ವ. "ಇದಕ್ಕಿಂತ ನಮ್ಮ ಯಜಮಾನರ ಹೊಟ್ಯಾಗ ಹೆಚ್ಚಿಂದು ಐತಿ ಬಿಡು." ಹೆಂಗಸರು ನಕ್ಕರು.

ಕಾಶವ್ವ ಅಲ್ಲಿಗೆ ಸುಮ್ಮನಾಗಿದ್ದರೆ ಬದುಕುತ್ತಿದ್ದಳು. ಆದರೆ ಆಕೆಯ ಬೆರಳು ತಾನಾಗಿ ಕುಂಚಿಗೆಯ ಮಡಿಕೆಗೆ ಹೋಯಿತು. ತಾನು ಹಾಕಿದ್ದ ನಾಲ್ಕು ಒರಟು ಹೊಲಿಗೆ ಅಲ್ಲಿರಲಿಲ್ಲ. ಯಾರೋ ಬಿಚ್ಚಿ, ನುಣ್ಣಗೆ ಮತ್ತೆ ಹೊಲಿದಿದ್ದರು. ಹರಿದು ನೋಡಿದಳು. ಖಾಲಿ.

"ಗುಳಿಗಿ ಎಲ್ಲಿ?"

ಜನ್ಮವೆಲ್ಲ ಮಂದಿಯ ಗುಟ್ಟು ಹೊರಹಾಕಿದ ಬಾಯಿ ತನ್ನ ಗುಟ್ಟನ್ನೂ ಹಾಕಿಬಿಟ್ಟಿತು.

ನಗು ನಿಂತಿತು. ಒಂಬತ್ತು ದಿನ ಮಾತಾಡದ ಸಾತವ್ವ ಅತ್ತೆಯ ಮುಖವನ್ನೇ ನೋಡಿದಳು.

"ಇಲಿ ಒಯ್ತು ಅಂದಿದ್ರಲ್ರೀ, ಅತ್ತಿ."

ಕಾಶವ್ವ ಕುಸಿದು ಕೂತಳು. ಆಗ ಅವ್ವನವರು ಮೊಲವನ್ನು ಕೆಳಗಿಟ್ಟರು. ಸೂಜಿಗೆ ದಾರ ಪೋಣಿಸಿ ಕಾಶವ್ವನ ಮುಂದೆ ಹಿಡಿದರು.

"ಬಿಚ್ಚಿದವರೇ ಹೊಲೀಬೇಕು, ತಾಯಿ."

ಕಾಶವ್ವ ನೆಲದ ಮೇಲಿನ ಜೋಳವನ್ನು ಒಂದೊಂದೇ ಕಾಳಾಗಿ ಆರಿಸಿ ಕರುವಿನ ಹೊಟ್ಟೆಗೆ ಹಾಕಿದಳು. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತ ಸೊಟ್ಟಸೊಟ್ಟಗೆ ಹೊಲಿದಳು. ಮುಗಿಯುವವರೆಗೂ ಸಾತವ್ವ ಕದಲದೆ ನಿಂತಿದ್ದಳು. ಆಮೇಲೆ ಸೆರಗು ಒಡ್ಡಿ ಕರುವನ್ನು ಉಡಿಗೆ ಹಾಕಿಸಿಕೊಂಡು, ಮನೆಯ ಕಡೆ ತಿರುಗದೆ ತವರಿನ ಬಸ್ಸು ಹತ್ತಿದಳು. ಮರಳಿ ಬರಲಿಲ್ಲ. ಆಕೆಯ ಗಂಡ, ಕಾಶವ್ವನ ಮಗ, ಆ ದಿನದಿಂದ ತಾಯಿಯ ಕೈಯ ರೊಟ್ಟಿ ಮುಟ್ಟಲಿಲ್ಲ.

ಕಾಶವ್ವ ಪೂಜ್ಯರ ಗೋಣಿಚೀಲದ ಅಂಚಿನಲ್ಲಿ ಕೂತು ಚಿಂದಿ ಆರಿಸತೊಡಗಿದಳು. ಹನ್ನೊಂದು ವರ್ಷ ಕೂತಳು. ಗುಳಿಗೆ ಎಲ್ಲಿ ಹೋಯಿತೆಂದು ಆಕೆ ಮತ್ತೆ ಕೇಳಲಿಲ್ಲ. ಯಾಕೆ ಬಚ್ಚಿಟ್ಟೆ ಎಂದು ಅವ್ವನವರೂ ಕೇಳಲಿಲ್ಲ.

ಅವ್ವನವರು ಲಿಂಗೈಕ್ಯರಾದ ದಿನ ಸೂಜಿ ಡಬ್ಬಿ ಕಾಶವ್ವನ ಪಾಲಿಗೆ ಬಂತು. ತಳದಲ್ಲಿ, ಕೆಂಪು ಖಣದ ಚೂರಿನಲ್ಲಿ ಸುತ್ತಿ ದಾರ ಕಟ್ಟಿದ್ದ ಪಟ್ಟಿ ಇತ್ತು. ಬೆಳ್ಳಿಹಾಳೆ ಕಪ್ಪಿಟ್ಟಿತ್ತು. ಹತ್ತು ಗುಳಿಗೆ. ಒಂದೂ ಕಡಿಮೆಯಾಗಿರಲಿಲ್ಲ. ತನ್ನನ್ನು ಓಣಿಯ ತುಂಬ ಆಡಿಕೊಂಡವಳ ತಪ್ಪಿನ ಸಾಕ್ಷಿಯನ್ನು ಆ ಮಹಾತಾಯಿ ಹನ್ನೊಂದು ವರ್ಷ ಸೂಜಿಗಳ ಕೆಳಗೆ ಮುಚ್ಚಿಟ್ಟುಕೊಂಡಿದ್ದರು.

ಕಾಶವ್ವ ಅದನ್ನು ಮುಚ್ಚಿಡಲಿಲ್ಲ. ಕಾಯಿಲೆಯ ಕೂಸನ್ನು ಎತ್ತಿಕೊಂಡು ಯಾರು ಬಂದರೂ ಮೊದಲು ಗೊಂಬೆ ಕೊಡುವುದಿಲ್ಲ. ಡಬ್ಬಿ ತೆರೆದು ಪಟ್ಟಿ ತೋರಿಸುತ್ತಾಳೆ. "ಇದು ನನ್ನ ಚೆನ್ನಿದು. ನಾನ ಮುಚ್ಚಿಟ್ಟು ಕೊಂದೆ. ನೀ ಮೊದಲ ದವಾಖಾನಿಗೆ ಹೋಗಿ ಬಾ, ಆಮ್ಯಾಲೆ ಆನಿ ಕೊಡ್ತೀನಿ."

ಊರ ಸುದ್ದಿಯೆಲ್ಲ ಬಲ್ಲ ಆ ಬಾಯಿ ಈಗ ಹೇಳುವುದು ಇದೊಂದೇ ಸುದ್ದಿ.