ಸುಣ್ಣ ಕಾಣದ ಗೋಡೆ

“ಗುರುಗಳೇ, ಹನ್ನೊಂದು ವರ್ಷ ಬರೆದೆ. ಈಗ ಬಯ್ಯುವವರೂ ಇಲ್ಲ. ನಾನು ಬರೆದದ್ದೆಲ್ಲ ಎಲ್ಲಿಗೆ ಹೋಯಿತು?”

ಹೀಗೆ ಕೇಳಿದವನು ಕಲ್ಮೇಶ. ಆಳುವವರ ತಪ್ಪುಗಳನ್ನು ತನ್ನ ಬ್ಲಾಗಿನಲ್ಲಿ ದಿನವೂ ಬರೆಯುವುದು ಅವನ ಕಾಯಕ. ಅದಕ್ಕಾಗಿ ಕಾಲೇಜಿನ ಪಾಠದ ಕೆಲಸ ಕಳೆದುಕೊಂಡಿದ್ದ. ಧರಣಿ ಕೂತು ಎರಡು ಸಲ ಜೈಲು ನೋಡಿದ್ದ. ಒಂದು ಕಾಲದಲ್ಲಿ ಅವನ ಬರಹ ಬಂದರೆ ಸಂಜೆಯೊಳಗೆ ದೊಡ್ಡವರ ಕಡೆಯಿಂದ ಬೆದರಿಕೆಯಾದರೂ ಬರುತ್ತಿತ್ತು. ಈಗ ಏನು ಬರೆದರೂ ಏನೂ ಬರುತ್ತಿರಲಿಲ್ಲ. ಗುರುಗಳ ಎದುರು ಕೂತಾಗಲೂ ಅವನ ಕೈ ಜೇಬಿನ ಮೊಬೈಲಿನ ಮೇಲೆಯೇ ಇತ್ತು.

“ಅದನ್ನು ಒಂದು ಗಳಿಗೆ ಕೆಳಗಿಡು ಮಾರಾಯ,” ಎಂದರು ಗುರುಗಳು. “ಅದೇನು ಕೂಸೇ, ಬಿಟ್ಟರೆ ಅಳುತ್ತದೆ ಎನ್ನುವುದಕ್ಕೆ? ಇಡು. ಇಟ್ಟು ಕೇಳು.”

ಒಂದು ಊರಿನಲ್ಲಿ ಒಬ್ಬ ಅರ್ಜಿ ಬರೆಯುವವನಿದ್ದ. ಅಕ್ಷರ ಬಾರದವರ ಕಷ್ಟವನ್ನು ಬರೆದು ಅರಮನೆಗೆ ಮುಟ್ಟಿಸುವುದು ಅವನ ಕೆಲಸ. ಅರ್ಜಿಗಳು ಹೋಗುತ್ತಿದ್ದವು. ಉತ್ತರ ಬರುತ್ತಿರಲಿಲ್ಲ. ಒಂದು ದಿನ ಅವನಿಗೆ ರೇಗಿತು. ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡು ಹೋಗಿ, ಸಂತೆ ಬಯಲಿನಲ್ಲಿ, ರೈತರಿಂದ ಕಂದಾಯದ ಕಾಳು ಅಳೆದುಕೊಳ್ಳುತ್ತಿದ್ದ ಅರಮನೆಯ ಉಗ್ರಾಣದ ಗೋಡೆಯ ಮೇಲೆ ಒಂದು ಸಾಲು ಬರೆದ: ‘ಅರಮನೆಯ ಕೊಳಗ ಸಂತೆಯ ಕೊಳಗಕ್ಕಿಂತ ದೊಡ್ಡದು.’

ಅಷ್ಟೇ. ಬೈಗುಳವಿಲ್ಲ, ಶಾಪವಿಲ್ಲ. ಒಬ್ಬ ರೈತ ಅದನ್ನು ಓದಿಸಿಕೊಂಡ. ಸಂತೆಯ ಕೊಳಗದಲ್ಲಿ ಜೋಳ ಅಳೆದು ತಂದು ಉಗ್ರಾಣದವರ ಕೊಳಗಕ್ಕೆ ಸುರಿದು ನೋಡಿದ. ತುಂಬಲಿಲ್ಲ. ಊರೆಲ್ಲ ನಿಂತು ನೋಡಿತು. ಎಂಟು ದಿನದೊಳಗೆ ಅರಮನೆ ತನ್ನ ಕೊಳಗವನ್ನು ಬದಲಾಯಿಸಬೇಕಾಯಿತು.

ಆದರೆ ಮುಖಭಂಗವಾಗಿತ್ತಲ್ಲ, ಸುಮ್ಮನಿರುತ್ತಾರೆಯೇ? ಸುಣ್ಣ ಬಳಿಯುವವನನ್ನು ಕಳಿಸಿ ಗೋಡೆಯನ್ನು ಬಳಿಸಿದರು. ಬರೆದವನಿಗೆ ಹತ್ತು ಛಡಿ ಏಟು ಹಾಕಿಸಿದರು. ಏನು ಬುದ್ಧಿವಂತರಪ್ಪ! ಸುಣ್ಣದ ಮೇಲೆ ಇದ್ದಿಲು ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಅವನು ಮತ್ತೆ ಬರೆದ. ಅವರು ಮತ್ತೆ ಬಳಿಸಿದರು. ಹೀಗೇ ಆರು ವರ್ಷ ನಡೆಯಿತು. ಗೋಡೆ ಬೆಳ್ಳಗಾಗಿದೆ ಎಂದು ಯಾರಾದರೂ ಕೂಗಿದರೆ ಸಾಕು, ಜನ ಒಲೆಯ ಮೇಲಿನ ಅನ್ನ ಬಿಟ್ಟು ಓಡಿ ಬರುತ್ತಿದ್ದರು. ಅಳಿಸಿದ್ದಾರೆ ಎಂದ ಮೇಲೆ ಅಲ್ಲಿ ನಿಜವೇ ಇತ್ತು, ಅವನು ಬಂದು ಮತ್ತೆ ಬರೆಯುತ್ತಾನೆ ಎಂದು ಕಾದು ನಿಲ್ಲುತ್ತಿದ್ದರು.

ಆಮೇಲೆ ಅರಮನೆಗೆ ಹೊಸ ಮಂತ್ರಿ ಬಂದ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವ ಪೈಕಿ. ಅವನು ಹೇಳಿದ್ದು ಇಷ್ಟೇ: ಇನ್ನು ಮೇಲೆ ಸುಣ್ಣವೂ ಬೇಡ, ಏಟೂ ಬೇಡ, ಯಾರು ಏನು ಬೇಕಾದರೂ ಬರೆದುಕೊಳ್ಳಲಿ.

ಗೆದ್ದೆವು ಎಂದು ಊರು ಹೋಳಿಗೆ ಮಾಡಿಕೊಂಡು ತಿಂದಿತು. ಮಾರನೆಯ ದಿನದಿಂದ ಎಲ್ಲರೂ ಇದ್ದಿಲು ಹಿಡಿದು ಬಂದರು. ಒಬ್ಬ ಮೂಲವ್ಯಾಧಿಗೆ ಔಷಧಿ ಬರೆದ. ಇನ್ನೊಬ್ಬ ತನ್ನ ಭಾವಮೈದುನನ ಮಾನ ಹರಾಜು ಹಾಕಿದ. ಅರ್ಜಿಯವನನ್ನು ಹೊಗಳುವವರು ಬಂದರು, ಹೊಗಳುವವರನ್ನು ಬಯ್ಯುವವರು ಬಂದರು. ಒಬ್ಬರು ಬರೆದದ್ದರ ಮೇಲೆಯೇ ಮತ್ತೊಬ್ಬರು ಬರೆದರು. ವರ್ಷ ತುಂಬುವುದರೊಳಗೆ ಗೋಡೆ ಬಾಣಲೆಯ ತಳದ ಹಾಗೆ ಆಯಿತು.

ಅರ್ಜಿಯವನಿಗೆ ದಿಗಿಲು ಹತ್ತಿತು. ಒಂದು ದಿನ ಬರೆಯದಿದ್ದರೆ ಜನ ತನ್ನನ್ನು ಮರೆತಾರು ಎಂದು ದಿನಕ್ಕೆ ಮೂರು ಸಲ ಬರೆದ. ಕಾಣಲಿ ಎಂದು ದಪ್ಪಗೆ ಬರೆದ. ಮೊದಲು ಅಳೆದು ತೂಗಿ ಬರೆಯುತ್ತಿದ್ದವನು ಈಗ ‘ಎಲ್ಲರೂ ಕಳ್ಳರು’ ಎಂದ, ‘ನಾಳೆಗೆ ಊರು ಮುಳುಗಿತು’ ಎಂದ. ಬರೆದ ಮೇಲೆ ಮೂಲೆಯಲ್ಲಿ ನಿಂತು, ಯಾರಾದರೂ ಓದಲು ನಿಲ್ಲುತ್ತಾರೋ ಎಂದು ನೋಡುತ್ತಿದ್ದ. ಯಾರೂ ನಿಲ್ಲುತ್ತಿರಲಿಲ್ಲ. ಊಟ ಸೇರಲಿಲ್ಲ. ಪಾಪ, ಏಟು ತಿಂದ ದಿನಗಳೇ ವಾಸಿ ಎನ್ನಿಸಿತು ಅವನಿಗೆ.

ಆ ಗೋಡೆಯಲ್ಲಿ ಒಂದೇ ಒಂದು ಸಾಲು ಯಾರ ಕೈಗೂ ಸಿಗದೆ ಉಳಿದಿತ್ತು. ಕೊಳಗದ ಸಾಲು. ಸುಣ್ಣ ನಿಂತ ದಿನವೇ ಅವನು ಅದನ್ನು ಗೋಡೆಯ ನಟ್ಟನಡುವೆ ಮತ್ತೆ ಬರೆದಿದ್ದ. ಯಾರೋ ಅಭಿಮಾನದಿಂದ ಅದರ ಸುತ್ತ ಕೆಮ್ಮಣ್ಣಿನ ಗೆರೆ ಎಳೆದಿದ್ದರು. ಪರ ಊರಿನವರು ಬಂದರೆ ಅದನ್ನು ತೋರಿಸುತ್ತಿದ್ದರು. ಅವನೂ ದಿನಕ್ಕೊಮ್ಮೆ ಅದರ ಎದುರು ನಿಂತು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಹೀಗೆ ಮೂರು ವರ್ಷ ಕಳೆಯಿತು. ಆ ಸಲ ಕೆರೆ ತುಂಬಿತು. ಒಂದು ಬೆಳಿಗ್ಗೆ ಅವನು ಏರಿಯ ಕೆಳಗೆ ನಡೆದು ಹೋಗುವಾಗ, ತೂಬಿನ ಪಕ್ಕದಲ್ಲಿ ನೀರು ಜಿನುಗುವುದು ಕಂಡಿತು. ಜಿನುಗುವುದು ಹೊಸದಲ್ಲ. ಆದರೆ ಅಂದು ನೀರು ಕೆಂಪಾಗಿತ್ತು. ತಿಳಿನೀರು ಜಿನುಗಿದರೆ ಏರಿ ಗಟ್ಟಿಯಾಗಿದೆ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗಿ ಹೋಗುತ್ತಿದೆ. ಆ ಊರಿನಲ್ಲಿ ಇದು ಗೊತ್ತಿಲ್ಲದವರಿಲ್ಲ. ಊರೆಲ್ಲ ಬಂದು ಮಣ್ಣು ಹೊತ್ತರೆ ಏರಿಯನ್ನು ಉಳಿಸಬಹುದು. ಆದರೆ ಅದು ಹೊತ್ತು ಮುಳುಗುವುದರೊಳಗೆ ಆಗಬೇಕು. ಏರಿಯ ಕೆಳಗೆ ಕುಂಬಾರರ ಮೂವತ್ತು ಮನೆಗಳಿದ್ದವು.

ಅವನು ಎದ್ದುಬಿದ್ದು ಕುಂಬಾರಗೇರಿಗೆ ಓಡಿದ. ‘ಏರಿ ಹೋಗುತ್ತಿದೆ, ಮಕ್ಕಳನ್ನು ಕಟ್ಟಿಕೊಂಡು ಏಳ್ರಪ್ಪಾ!’ ಎಂದು ಕೂಗಿದ.

ಮಣ್ಣು ತುಳಿಯುತ್ತಿದ್ದ ಒಬ್ಬ ಮುದುಕಿ ನಕ್ಕಳು. ‘ಹೋದ ವಾರವೂ ಊರು ಮುಳುಗಿತು ಎಂದು ಬರೆದಿದ್ದಿರಂತೆ ಸ್ವಾಮಿ. ಕೂತುಕೊಳ್ಳಿ, ಮಜ್ಜಿಗೆ ಕುಡಿಯಿರಿ.’

ಬಂದು ನೋಡಿ ಎಂದು ಅಂಗಲಾಚಿದ. ಗಡಿಗೆ ಸುಡಲು ಬೆಂಕಿ ಇಟ್ಟಿದ್ದೇವೆ, ಬಿಟ್ಟು ಬರಲಾಗದು ಎಂದರು. ಮಂತ್ರಿಯ ಬಳಿ ಓಡಿದ. ಗೋಡೆಯ ಮೇಲೆ ಬರೆಯಬಹುದಲ್ಲ, ಬೇಡ ಎಂದವರು ಯಾರು ಎಂದು ಮಂತ್ರಿ ನಯವಾಗಿ ಕಳಿಸಿದ. ಸಂತೆಯಲ್ಲಿ ನಿಂತು ಕೂಗಿದ. ಇವತ್ತು ಗಂಟಲು ಚೆನ್ನಾಗಿದೆ ಎಂದು ನಾಲ್ಕು ಜನ ಚಪ್ಪಾಳೆ ತಟ್ಟಿ ತಮ್ಮ ದಾರಿ ಹಿಡಿದರು. ಕೊನೆಗೆ ಗೋಡೆಯ ಮೇಲೆ ಬರೆದ. ಕಪ್ಪಿನ ಮೇಲೆ ಕಪ್ಪು. ಬರೆದದ್ದು ಅವನಿಗೇ ಕಾಣಲಿಲ್ಲ.

ಗೋಡೆ ಬೆಳ್ಳಗಾದರೆ ಊರು ಓಡಿ ಬರುತ್ತದೆ ಎಂಬುದು ಆಗ ಅವನಿಗೆ ನೆನಪಾಯಿತು. ಸುಣ್ಣ ಬಳಿಯುವವನನ್ನು ಗಡಿಗೆ ಸಮೇತ ಎಳೆದು ತಂದ. ಇಬ್ಬರೂ ಎರಡು ತುದಿಯಿಂದ ಬಳಿಯತೊಡಗಿದರು. ಔಷಧಿ ಹೋಯಿತು, ಭಾವಮೈದುನ ಹೋದ, ‘ಎಲ್ಲರೂ ಕಳ್ಳರು’ ಹೋಯಿತು. ಮೂರು ವರ್ಷ ತಾನು ಬರೆದದ್ದನ್ನೆಲ್ಲ ಅವನೇ ಅಳಿಸಿದ. ಒಂದಿಷ್ಟೂ ನೋವಾಗಲಿಲ್ಲ. ನಡುವಿನ ಕೆಮ್ಮಣ್ಣಿನ ಗೆರೆಗೆ ಬಂದಾಗ ಮಾತ್ರ ಕೈ ನಿಂತಿತು.

‘ಇದೊಂದು ಇರಲಿ,’ ಎಂದ.

‘ಇದೊಂದು ಇದ್ದರೆ ಗೋಡೆ ಬೆಳ್ಳಗಾದ ಹಾಗಾಗುವುದಿಲ್ಲ ಸ್ವಾಮಿ,’ ಎಂದ ಸುಣ್ಣದವನು. ‘ಯಾರೂ ಓಡಿ ಬರುವುದಿಲ್ಲ. ಬಂದವರೂ ಇದನ್ನೇ ಓದಿ ಕೈಮುಗಿದು ಹೋಗುತ್ತಾರೆ. ನಿಮ್ಮ ಏರಿಯನ್ನು ಓದುವವರು ಯಾರು? ಬೇಗ ಹೇಳಿ. ಸುಣ್ಣ ಒಣಗದೆ ಇದ್ದಿಲು ಹಿಡಿಯುವುದಿಲ್ಲ. ಹೊತ್ತು ಆಗಲೇ ನೆತ್ತಿಗೆ ಬಂತು.’

ಅರ್ಜಿಯವನಿಗೂ ಅದು ಗೊತ್ತಿತ್ತು. ಕುಂಚವನ್ನು ಗಡಿಗೆಯಲ್ಲಿ ಅದ್ದಿ ಎತ್ತಿದ. ಬೆನ್ನಿನ ಮೇಲೆ ಹತ್ತು ಏಟು ತಿನ್ನಿಸಿದ ಸಾಲು ಅದು. ತಾನು ಸತ್ತ ಮೇಲೂ ಇರುತ್ತದೆ ಎಂದು ಅವನು ನಂಬಿದ್ದ. ಸುಣ್ಣ ಮೊಳಕೈಗೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸುಣ್ಣದವನು ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ಅವನನ್ನು ನೋಡಿದ. ಅವನು ಕುಂಚ ಎತ್ತಿಕೊಂಡು ನಿಂತೇ ಇದ್ದ.

ಗುರುಗಳು ಇಲ್ಲಿ ಮಾತು ನಿಲ್ಲಿಸಿ ತಂಬಿಗೆಯ ನೀರು ಕುಡಿದರು. ಕುಡಿದು ತಂಬಿಗೆಯನ್ನು ಕೆಳಗಿಟ್ಟರು.

ಕಲ್ಮೇಶನಿಗೆ ತಡೆಯಲಾಗಲಿಲ್ಲ. “ಹೇಳಿ ಗುರುಗಳೇ, ಆ ಸಾಲು ಉಳಿಯಿತೇ?”

“ಮೂವತ್ತು ಮನೆ ಉಳಿದವೇ ಎಂದು ನೀನು ಕೇಳಲಿಲ್ಲವಲ್ಲೋ, ತಮ್ಮಾ.”