ಪಾರಿವಾಳ ಮರ ಬಿಟ್ಟು ಕಲ್ಲಿಗೆ ಬಂದದ್ದು

ಭೂಮಿ ಆಗಿನ್ನೂ ಹೊಸದಾಗಿತ್ತು ಪುಟ್ಟಿ. ಮರಗಳು ಮಾತಾಡುತ್ತಿದ್ದವು, ಬಂಡೆಗಳು ಉತ್ತರ ಕೊಡುತ್ತಿದ್ದವು. ಪಾರಿವಾಳ ಎಲ್ಲ ಹಕ್ಕಿಗಳ ಹಾಗೆ ಮರದಲ್ಲೇ ಗೂಡು ಕಟ್ಟುತ್ತಿತ್ತು.

ಆಗ ಮೊಟ್ಟಮೊದಲನೆಯ ಯುದ್ಧ ಬಂತು.

ಬೆಟ್ಟದ ತುದಿಯಲ್ಲಿ ಕೆಂಚವ್ವ ಎಂಬ ಹೆಂಗಸು ಕಾವಲಿದ್ದಳು. ಒಂದು ಮಧ್ಯಾಹ್ನ ಕೆಳಗೆ ಧೂಳೆದ್ದಿತು. ಧೂಳಿನೊಳಗೆ ಈಟಿಗಳು ಹೊಳೆದವು. ನೋಡನೋಡುತ್ತಲೇ ದಂಡು ಬೆಟ್ಟವನ್ನು ಸುತ್ತಿಕೊಂಡಿತು. ಇಳಿಯಲು ದಾರಿಯೇ ಉಳಿಯಲಿಲ್ಲ. ಬೆಟ್ಟದಾಚೆಯ ಊರಿನಲ್ಲಿ ಅವಳ ತಂಗಿ ದುರುಗಿ ಇದ್ದಳು. ಅಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ.

ಕೆಂಚವ್ವ ತನ್ನ ಕಪ್ಪು ಸೆರಗಿನ ಚೂರು ಹರಿದು, ದಿನಾ ಅವಳ ಬಳಿ ಕಾಳು ತಿನ್ನಲು ಬರುತ್ತಿದ್ದ ಪಾರಿವಾಳದ ಕಾಲಿಗೆ ಕಟ್ಟಿದಳು.

"ಕಪ್ಪು ಬಟ್ಟೆ ಬಂದರೆ ಮಕ್ಕಳನ್ನು ಕರಕೊಂಡು ಹೊಳೆ ದಾಟು ಅಂತ ದುರುಗಿಗೆ ಹೇಳಿದ್ದೀನಿ. ಬೇಗ ಹೋಗು, ನನ್ನವ್ವ."

ಪಾರಿವಾಳ ಹಾರಿತು. ಕೆಳಗೊಬ್ಬ ಸೈನಿಕ ಸಿಳ್ಳೆ ಹಾಕಿದ. ಅವನ ಮುಂಗೈಯಿಂದ ಗಿಡುಗ ಮೇಲೆದ್ದಿತು.

ಪಾರಿವಾಳ ಆಲದ ಮರಕ್ಕೆ ನುಗ್ಗಿತು. "ಅಣ್ಣಾ, ಬಚ್ಚಿಡು!"

"ಅವರ ಹತ್ತಿರ ಕೊಡಲಿ ಇದೆ. ಹೋಗು, ಹೋಗು!" ಎಂದು ಆಲ ಕೊಂಬೆ ಕೊಡವಿತು.

ಹುಣಸೆಯ ಬಳಿ ಹೋಯಿತು. "ಅಕ್ಕಾ, ಬಚ್ಚಿಡು!"

"ಅವರ ಹತ್ತಿರ ಬೆಂಕಿ ಇದೆ. ಹೋಗು, ಹೋಗು!" ಹುಣಸೆಯೂ ಕೊಂಬೆ ಕೊಡವಿತು.

ಗಿಡುಗನ ನೆರಳು ಪಾರಿವಾಳದ ಬೆನ್ನ ಮೇಲೆ ಬಿತ್ತು. ಎದುರಿಗೊಂದು ಬೋಳುಬಂಡೆ. ಕೇಳುವಷ್ಟು ಉಸಿರೂ ಪಾರಿವಾಳಕ್ಕೆ ಇರಲಿಲ್ಲ.

ಬಂಡೆಯೇ ಮಾತಾಡಿತು. "ನನಗೂ ಭಯವೇ ಮಗಳೇ. ಆದರೂ ಬಾ."

ಪಾರಿವಾಳ ಬಿರುಕಿನೊಳಗೆ ತೂರಿಕೊಂಡಿತು. ಗಿಡುಗ ಹೊರಗಿನಿಂದ ಉಗುರು ಹಾಕಿ ಕೆರೆಯಿತು. ಬಾಲದ ಎರಡು ಗರಿ ಕಿತ್ತುಕೊಂಡಿತು. ಪಾರಿವಾಳ ಕಣ್ಣು ಮುಚ್ಚಿ ಕಲ್ಲಿಗೆ ಅಂಟಿಕೊಂಡೇ ಇತ್ತು. ಕೊನೆಗೆ ದೂರದಲ್ಲಿ ಸಿಳ್ಳೆ ಕೇಳಿಸಿತು. ಗಿಡುಗ ಹೊರಟುಹೋಯಿತು.

ದುರುಗಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕಪ್ಪು ಬಟ್ಟೆ ಕಂಡದ್ದೇ ಮೊರ ಕೈಜಾರಿತು. "ಏಳ್ರೋ! ಹೊಳೆ ದಾಟ್ರೋ!" ಎಂದು ಬೀದಿಬೀದಿ ಕೂಗಿದಳು. ಕೊನೆಯ ಕೂಸು ಆಚೆದಡ ಮುಟ್ಟುವಾಗ ಊರಿನ ಮೇಲೆ ಹೊಗೆ ಏಳುತ್ತಿತ್ತು.

ಪಾರಿವಾಳ ಬೆಟ್ಟಕ್ಕೆ ಮರಳಿತು. ಒಲೆ ಬೆಚ್ಚಗಿತ್ತು, ಕೆಂಚವ್ವ ಇರಲಿಲ್ಲ. ಆಲ, ಹುಣಸೆ ಎರಡೂ "ಬಾ, ಈಗ ಬಾ" ಎಂದವು. ಪಾರಿವಾಳ ಅತ್ತ ತಿರುಗಲಿಲ್ಲ. ಬಂಡೆಯ ಬಿರುಕಿಗೇ ಹೋಗಿ ಕುಳಿತುಕೊಂಡಿತು.

ಅದಕ್ಕೇ ಪುಟ್ಟಿ, ಮಗ್ಗುಲಲ್ಲೇ ಹಸಿರು ಮರವಿದ್ದರೂ ಪಾರಿವಾಳ ಕೋಟೆಗೋಡೆಯ ಸಂದಿಯಲ್ಲಿ, ಸೇತುವೆಯ ಕೆಳಗೆ, ನಮ್ಮ ಕಿಟಕಿಯ ಸಜ್ಜೆಯ ಮೇಲೆ ಗೂಡು ಕಟ್ಟುತ್ತದೆ, ಮತ್ತೆ ಮೇಲೆ ಯಾವುದೇ ನೆರಳು ಸರಿದರೂ ಇವತ್ತಿಗೂ ಬೆಚ್ಚಿ ಪಟಪಟನೆ ಹಾರಿಬಿಡುತ್ತದೆ.