ಅಂಚಿಗೆ ಬ್ಯಾಡ

ಮೌನಪ್ಪಜ್ಜನವರ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಹೆಸರು ಮೌನಪ್ಪ ಅಂತಿದ್ದರೂ ಅಜ್ಜ ಮಾತಿಗೆ ಜಿಪುಣರಲ್ಲ. ಉತ್ತರ ಕೊಡುವುದಕ್ಕಷ್ಟೇ ಜಿಪುಣರು.

ಅವರ ಶಿಷ್ಯ ಗದಿಗೆಪ್ಪನಿಗೆ ಉತ್ತರಗಳದ್ದೇ ಅವಸರ. ಎರಡು ವರ್ಷದಿಂದ ಅವನಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ದೂರದ ದೊಡ್ಡ ಊರೊಂದರ ರೈಲ್ವೆ ಸ್ಟೇಷನ್ನಿನಲ್ಲಿ ಬಾಂಬು ಸಿಡಿದಿತ್ತು. ನಿಂತ ರೈಲು ಹೊತ್ತಿ ಉರಿದಿತ್ತು. ದುಡಿಯಲು ಹೊರಟಿದ್ದ ಈ ಹೊಳೆಸಾಲಿನ ಮಂದಿಯೂ ಆ ರೈಲಿನಲ್ಲಿದ್ದರು. ಗದಿಗೆಪ್ಪನ ತಂಗಿ ಶಾವಂತ್ರಿ ಅವರಲ್ಲೊಬ್ಬಳು.

ದೇಶವೆಲ್ಲ ಕೂಡಿ ಅತ್ತಿತು. ಅತ್ತು ಮುಗಿದ ಮೇಲೆ ಬೆರಳು ತೋರಿಸಲು ಶುರು ಮಾಡಿತು.

ಬೆರಳು ಹೊಳೆಯ ಆಚೆ ದಂಡೆಗೂ ತಿರುಗಿತು. ಆಚೆ ದಂಡೆಯವರು ಮಾಡಿದ್ದು ಏನೂ ಇರಲಿಲ್ಲ. ಬಾಂಬು ಇಟ್ಟವರು ಯಾವ ದೇವರ ಹೆಸರು ಹೇಳಿಕೊಂಡಿದ್ದರೋ ಅದೇ ದೇವರಿಗೆ ಇವರೂ ಕೈಯೆತ್ತುತ್ತಿದ್ದರು, ಅಷ್ಟೇ. ಬಾಯಿಗೆ ಬಂದದ್ದು ಆಡುವವರಿಗೆ ಅಷ್ಟು ಸಾಕಲ್ಲ.

ಸತ್ತವರನ್ನು ನೆನೆಯುವ ದಿನ ಮತ್ತೆ ಹತ್ತಿರ ಬಂತು.

"ಈ ಸಲ ಭಾಷಣ ಬ್ಯಾಡ," ಎಂದರು ಅಜ್ಜ. "ಒಂದು ಕೌದಿ ಹೊಲಿಯೋಣು. ಹೋದವರ ಮನಿಯಿಂದ ಒಂದೊಂದು ಅರಿವಿ ತುಂಡು ಬರಲಿ."

ಕೌದಿ ಹೊಲಿಯುವುದನ್ನು ಗದಿಗೆಪ್ಪ ತನ್ನ ತಾಯಿಯಿಂದ ಕಲಿತಿದ್ದ. ಹಳೆಯ ಸೀರೆ ಹಾಸಬೇಕು. ಮೇಲೆ ತುಂಡು ಜೋಡಿಸಬೇಕು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಡುವಿನ ತುಂಡು ಕೂತಿತೆಂದರೆ ಕೌದಿ ಮುಗಿದಂತೆ.

ಅರಿವೆಗಳು ಬಂದವು. ಯಾರದೋ ಟವೆಲು, ಯಾರದೋ ಇಳಕಲ್ ಸೆರಗು, ಒಂದು ಕೂಸಿನ ಕುಲಾವಿ.

ಒಂದು ಮಧ್ಯಾಹ್ನ ಆಚೆ ದಂಡೆಯಿಂದ ಕಾಶಿಂಬಿ ಬಂದಳು. ಕಣ್ಣು ಮಂಜಾದ ಮುದುಕಿ. ಅವಳ ಮಗ ದಾವಲನೂ ಅದೇ ರೈಲಿನಲ್ಲಿ ಸತ್ತಿದ್ದ. ಸೆರಗಿನ ಗಂಟು ಬಿಚ್ಚಿ ನೀಲಿ ಚೌಕಳಿಯ ಲುಂಗಿ ತುಂಡೊಂದನ್ನು ಗದಿಗೆಪ್ಪನ ಕೈಗಿಟ್ಟಳು.

"ನೆನಪಿನ ದಿನ ಬರ್ತೀನಪಾ. ನನಗ ಕಣ್ಣು ಕಾಣಂಗಿಲ್ಲ, ಮುಟ್ಟಿ ನೋಡ್ತೀನಿ."

"ಆತು ಬೇ," ಎಂದ ಗದಿಗೆಪ್ಪ.

ಅವಳ ಬೆನ್ನು ಮರೆಯಾಯಿತು. ಅವನು ಆ ತುಂಡನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ.

ಅಲ್ಲಿಂದ ಶುರುವಾಯಿತು. ದಾರ ಕಡಿಯಿತು. ಸೂಜಿ ಬೆರಳಿಗೆ ಚುಚ್ಚಿತು. ಎರಡು ಹೊಲಿಗೆ ಹಾಕುವನು, ಎದ್ದು ಹೊಳೆಗೆ ಹೋಗುವನು, ತಿರುಗಿ ಬಂದು ಪೆಟ್ಟಿಗೆಯ ಕಡೆ ನೋಡುವನು.

"ಯಾಕೋ, ಕಾಲಿಗೆ ಚಕ್ರ ಕಟ್ಟಿಕೊಂಡಿಯೇನು?" ಎಂದರು ಅಜ್ಜ.

"ಅಜ್ಜಾರ, ಸತ್ತವರನ್ನ ಬರೇ ನೆನದ್ರ ಸಾಕೇನ್ರಿ? ಸಿಟ್ಟು ಬ್ಯಾಡೇನ್ರಿ?"

"ಬ್ಯಾಡ ಅಂತ ಯಾರಂದ್ರು?"

"ಯಾರ ಮ್ಯಾಲ ಸಿಟ್ಟಾಗ್ಲಿ, ಹೇಳ್ರಿ."

"ಬಾಂಬ್ ಇಟ್ಟವರ ಮ್ಯಾಲ."

"ಅವರು ಕೈಗೆ ಸಿಗಂಗಿಲ್ಲಲ್ರಿ."

"ಹೌದಲ್ಲ," ಎಂದರು ಅಜ್ಜ. "ಅದಕ್ಕ ಮಂದಿ ಕೈಗೆ ಸಿಕ್ಕವರನ್ನ ಹಿಡಕೋತಾರ."

ಅಷ್ಟು ಹೇಳಿ ಅವರು ಕೊಡ ಎತ್ತಿಕೊಂಡು ನೀರಿಗೆ ನಡೆದರು. ಅವರಿಗೆ ಪೆಟ್ಟಿಗೆಯ ವಿಷಯ ಗೊತ್ತಿತ್ತೋ ಏನೋ, ಗದಿಗೆಪ್ಪನಿಗೆ ಕೇಳುವ ಧೈರ್ಯವಾಗಲಿಲ್ಲ.

ನೆನಪಿನ ದಿನದ ಹಿಂದಿನ ಸಂಜೆ ಕೌದಿ ಮುಗಿಯಿತು. ಅಜ್ಜ ಅದನ್ನು ಪಡಸಾಲೆಯಲ್ಲಿ ಹಾಸಿ, ಪಕ್ಕದಲ್ಲಿ ಕೂತು, ಒಂದೊಂದೇ ತುಂಡಿನ ಮೇಲೆ ಕೈಯಾಡಿಸಿದರು.

"ಇದು ಯಾರದು?"

"ಬಡಿಗೇರ ಕಾಳಪ್ಪಂದು."

"ಈ ಕುಲಾವಿ?"

"ಆ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲಂತ್ರಿ."

ಅಜ್ಜನ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ನಡುವಿಗೆ ಬಂತು. ಅಲ್ಲಿ ಕಂದುಬಣ್ಣದ ಶಾಲಿನ ತುಂಡಿತ್ತು.

"ಇದು?"

"ನಮ್ಮ ಶಾವಂತ್ರೀದ್ರಿ."

"ಅಕಿ ಹೊದ್ದಿದ್ದೇನು?"

"ಅಲ್ರಿ. ಅಕಿ ಮೈಮ್ಯಾಲಿಂದು ಏನೂ ಉಳೀಲಿಲ್ಲ. ಸ್ಟೇಷನ್ನಿನಾಗ ಯಾರೋ ಒಬ್ಬ ತನ್ನ ಹೆಗಲ ಮ್ಯಾಲಿನ ಶಾಲು ತಗದು ಅಕಿಗೆ ಹೊದಿಸಿದ. ಅದರಾಗ ಸುತ್ತಿಕೊಂಡ ಮನಿಗೆ ತಂದ್ನಿ."

"ಯಾರಂವ?"

"ಗೊತ್ತಿಲ್ರಿ."

"ಯಾವ ಊರಂವ, ಯಾವ ಮಂದಿ?"

"ಕೇಳ್ಲಿಲ್ರಿ."

"ಯಾಕ ಕೇಳ್ಲಿಲ್ಲ?"

ಗದಿಗೆಪ್ಪನಿಗೆ ಸಿಟ್ಟು ಬಂತು. "ಅದನ್ನ ಕೇಳೂ ಹೊತ್ತೇನ್ರಿ ಅದು?"

"ಈಗ ಆ ಹೊತ್ತು ಬಂತೇನು?" ಎಂದರು ಅಜ್ಜ.

ಗದಿಗೆಪ್ಪ ಎದ್ದು ಪೆಟ್ಟಿಗೆ ತೆಗೆದು, ತಳದಲ್ಲಿದ್ದ ನೀಲಿ ಚೌಕಳಿಯ ತುಂಡನ್ನು ತಂದು ಅಜ್ಜನ ಮುಂದಿಟ್ಟ.

"ತಪ್ಪಾತ್ರಿ ಅಜ್ಜಾರ. ಇಲ್ಲೇ ಅಂಚಿಗೆ ಹಚ್ಚಿಬಿಡ್ತೀನಿ. ಮುಟ್ಟಿ ನೋಡಿದ್ರ ಸಿಗ್ತದ."

"ನನ್ನ ಯಾಕ ಕೇಳ್ತಿ? ನಾಳೆ ಅಕಿ ಬರ್ತಾಳಲ್ಲ, ಅಕಿನ್ನ ಕೇಳು."

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಕಾಶಿಂಬಿಯೇ. ಪಡಸಾಲೆಯಲ್ಲಿ ಕೂತು ಕೌದಿಯ ಮೇಲೆ ಕೈಯಾಡಿಸತೊಡಗಿದಳು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹುಡುಕಿದಳು. ಮತ್ತೆ ಮೊದಲಿಂದ ಹುಡುಕಿದಳು.

ಗದಿಗೆಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಸಿಗಂಗಿಲ್ಲ ಬೇ. ನಾ ಅದನ್ನ ಹೊಲೀಲಿಲ್ಲ. ಪೆಟ್ಟಿಗ್ಯಾಗ ಮುಚ್ಚಿಟ್ಟಿದ್ನಿ."

ಮುದುಕಿಯ ಕೈ ನಿಂತಿತು. ಯಾಕೆ ಎಂದು ಅವಳು ಕೇಳಲಿಲ್ಲ. ಎರಡು ವರ್ಷದಿಂದ ಮಂದಿಯ ಮಾತು ಕೇಳಿದ್ದ ಅವಳಿಗೆ ಕಾರಣ ಗೊತ್ತಿತ್ತು.

"ಈಗ ಹೊಲೀತೀನಿ. ಎಲ್ಲಿ ಹಾಕ್ಲಿ ಹೇಳು ಬೇ," ಎಂದ.

"ಎಲ್ಲೆರ ಹಾಕಪಾ," ಎಂದಳು ಕಾಶಿಂಬಿ. "ಅಂಚಿಗೆ ಮಾತ್ರ ಬ್ಯಾಡ. ಸಣ್ಣಾಂವ ಇದ್ದಾಗಿಂದ ಅಂವ ಅಂಚಿಗೆ ಮಲಗಾಕ ಅಂಜತಿದ್ದ."

ಗದಿಗೆಪ್ಪ ಬ್ಲೇಡು ಕೈಗೆ ತೆಗೆದುಕೊಂಡ. ಅಂಚಿಗೆ ಬೇಡವೆಂದರೆ ಒಳಗೆ ಜಾಗ ಮಾಡಬೇಕು. ಒಳಗೆ ಜಾಗ ಮಾಡಬೇಕೆಂದರೆ ಹೊಲಿಗೆ ಮುಗಿದಲ್ಲಿಂದ ಬಿಚ್ಚಿಕೊಂಡು ಬರಬೇಕು. ಮೊದಲು ಬಿಚ್ಚಬೇಕಾದದ್ದು ನಡುವಿನ ಶಾಲಿನ ತುಂಡು.

ಅವನು ಅಜ್ಜನ ಮುಖ ನೋಡಿದ. ಅಜ್ಜ ಸೂಜಿಗೆ ದಾರ ಪೋಣಿಸುತ್ತಿದ್ದರು.

ಅವನು ದಾರ ಕೊಯ್ದ. ಶಾಲಿನ ತುಂಡು ಬಿಚ್ಚಿ ಅಂಗೈಗೆ ಬಂತು. ಸ್ಟೇಷನ್ನಿನಲ್ಲಿ ಬಾರದ, ಮಣ್ಣು ಕೊಡುವಾಗಲೂ ಬಾರದ ಅಳು ಅವನಿಗೆ ಆಗ ಬಂತು.

"ಯಾರದು ಬಿಚ್ಚಿದೆಪಾ?" ಎಂದಳು ಕಾಶಿಂಬಿ.

"ನನ್ನ ತಂಗೀದು ಬೇ."

ಅವಳು ಕೈ ಚಾಚಿ ಅದನ್ನು ಇಸಿದುಕೊಂಡು, ಮಡಚಿ, ಮಡಿಲಲ್ಲಿಟ್ಟುಕೊಂಡಳು.

"ನೀ ಹೊಲಿ. ಅಲ್ಲೀತನ ಇಕಿನ್ನ ನಾ ಹಿಡಕೊಂಡಿರ್ತೀನಿ."

ಅಷ್ಟರಲ್ಲಿ ಮಂದಿ ಬರತೊಡಗಿದರು. ಸತ್ತವರ ಮನೆಯವರು ಬಂದು ಕೌದಿಯ ಸುತ್ತ ಕೂತು ಒಂದೊಂದು ಕಡೆ ಎಳೆದು ಹಿಡಿದರು. ಹೊಲಿಯುವಾಗ ಹಾಗೆ ಹಿಡಿಯದಿದ್ದರೆ ಕೌದಿ ಸುಕ್ಕಾಗುತ್ತದೆ.

ಕೊನೆಗೆ ಊರ ಗೌಡ ತನ್ನ ಹುಡುಗರೊಂದಿಗೆ ಬಂದ. ಕೈಯಲ್ಲಿ ಹೂವಿನ ಮಾಲೆ, ಜೇಬಿನಲ್ಲಿ ಬರೆದು ತಂದ ಭಾಷಣ.

"ಇನ್ನೂ ಹೊಲ್ಯಾಕತ್ತೀರೇನು? ಹೊತ್ತಾತು, ಸುರು ಮಾಡ್ರಿ."

ಯಾರೂ ಏಳಲಿಲ್ಲ. ಗೌಡ ಬಗ್ಗಿ ನೋಡಿದ. ಗದಿಗೆಪ್ಪನ ಸೂಜಿಯ ಕೆಳಗೆ ನೀಲಿ ಚೌಕಳಿಯ ಅರಿವೆ ಕಂಡಿತು. ಆಮೇಲೆ ಕಾಶಿಂಬಿ ಕಂಡಳು.

"ಅದು ಯಾರದು?" ಎಂದು ಕೇಳಿದ.

ಈ ಊರಲ್ಲಿ ಗದಿಗೆಪ್ಪ ನಾಳೆಯೂ ಬದುಕಬೇಕಿತ್ತು.

"ದಾವಲಂದು," ಎಂದ ಎಲ್ಲರಿಗೂ ಕೇಳುವಂತೆ. "ಕಾಶಿಂಬೀ ಮಗಂದು. ನಮ್ಮ ಶಾವಂತ್ರಿ ಜೋಡಿ ಅದ ರೈಲಿನಾಗ ಇದ್ದ."

ಗೌಡನ ಹಿಂದಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹಿಂದೆ ಸರಿದ. ಕೌದಿ ಹಿಡಿದಿದ್ದವರಲ್ಲೂ ಒಂದಿಬ್ಬರು ಕೈ ಬಿಟ್ಟರು. ಗೌಡ ನಿಂತ ಕಡೆ ಕೌದಿ ಜೋತುಬಿತ್ತು.

ಅಜ್ಜ ತಲೆ ಎತ್ತಲಿಲ್ಲ.

"ಕೇಳಿದಿ, ಹೇಳಿದ. ಈಗ ಮಾಲಿ ಬಾಜೂಕ ಇಟ್ಟು ಕೂಡ್ರು ಗೌಡ. ನಿನ್ನ ಕಡಿ ಅಂಚು ಸಡ್ಲಾಗೇತಿ, ಹಿಡಕೋ."